ಸರ್ವರಸ್ಥ ಪ್ಯಾಕೇಜಾಖಂಡತ್ವ ಮೀಮಾಂಸೆ

ಸೂತ್ರ 1: ಸ್ಥಾಪಿತವಾದ ಪ್ಯಾಕೇಜು ಸಂದೇಹಾಸ್ಪದವು.

ವೃತ್ತಿ: ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಪುಣ್ಯಕ್ಷೇತ್ರಗಳಲ್ಲಿ ಲಿನಕ್ಸ್ ಸರ್ವರುಗಳನ್ನು ಆಶ್ರಯಿಸಿರುವ ಸಾಫ್ಟ್‌ವೇರ್ ಪ್ಯಾಕೇಜುಗಳು ಬಂದಿಳಿದ ದಿನ ಇದ್ದಂತೆಯೇ ಇವೆಯೋ, ನಡುವೆ ಯಾರಾದರೂ ಕೈಯಾಡಿಸಿದ್ದಾರೋ ಎಂಬುದು ಇಲ್ಲಿ ವಿಚಾರ್ಯ. ಡೆಬಿಯನ್ ಮತಸ್ಥರು ‘ಡೆಬ್‌ಸಮ್ಸ್’ ಎಂಬ ಮಂತ್ರವನ್ನೂ ರೆಡ್ ಹ್ಯಾಟ್ ಸಂಪ್ರದಾಯದವರು ‘ಆರ್‌ಪಿಎಂ ವಿಎ’ ಎಂಬುದನ್ನೂ ಪಠಿಸುವರು. ಆರ್‌ಪಿಎಂ ತುಟಿ ಬಿಚ್ಚದಿದ್ದರೆ ಕ್ಷೇಮ.

ಸೂತ್ರ 2: ರಸಗಳಂತೆ ವಿಕಾರಗಳೂ ಒಂಬತ್ತು.

ವೃತ್ತಿ: ‘ಎಸ್’ ಎಂದರೆ ಗಾತ್ರವಿಕಾರ. ‘ಎಂ’ ಎಂದರೆ ಅನುಮತಿವಿಕಾರ. ‘5’ ಎಂದರೆ ಅಂತರಂಗವಿಕಾರ: ಕಡತದಲ್ಲಿ ಒಂದಕ್ಷರ ಅಲುಗಿದರೂ ಹ್ಯಾಶ್ ಎಂಬ ಅದರ ಬೆರಳಚ್ಚು ಪೂರ್ತಿ ಬೇರೆಯಾಗುವುದು. ಈ 5 ಬಂದದ್ದು ಎಂಡಿ5 ಎಂಬ ಹಳೆಯ ವಿಧಾನದಿಂದ. ಅದರ ಹುಳುಕನ್ನು ಚೀನಾದ ವಾಂಗ್ ಶಿಯಾವ್‌ಯುನ್ ತಂಡ 2004ರಲ್ಲೇ ಬಯಲು ಮಾಡಿತು. ಈಗ ಒಳಗೆ ಎಸ್‌ಎಚ್‌ಎ-256 ಕೂತಿದ್ದರೂ ಹೊರಗೆ ಹಳೆಯ ಬೋರ್ಡೇ ತೂಗುತ್ತಿದೆ. ‘ಟಿ’ ಕಾಲವಿಕಾರ. ಉಳಿದವನ್ನು ಬಲ್ಲವರಿಂದ ತಿಳಿಯುವುದು. ಆಡಿಟ್‌ನಲ್ಲಿ ಯಾರೂ ಕೇಳುವುದಿಲ್ಲ.

ಸೂತ್ರ 3: ಸ್ಕ್ರೀನ್‌ಶಾಟೇ ಪ್ರಮಾಣವು.

ವೃತ್ತಿ: ಪ್ರತ್ಯಕ್ಷ, ಅನುಮಾನಗಳೆಲ್ಲ ಇದರ ಮುಂದೆ ನಿಲ್ಲವು. ಸ್ಕ್ರೀನ್‌ಶಾಟಿನಲ್ಲಿ ತೇದಿ ಕಾಣಬೇಕು, ಸರ್ವರಿನ ಹೆಸರು ಕಾಣಬೇಕು. ಫಲಿತಾಂಶ ಕಾಣಲೇಬೇಕೆಂಬ ನಿಯಮವಿಲ್ಲ.

ಪ್ರಯೋಗ: “ಸರ್, ಕೆಳಗೆ ನಲವತ್ತು ಸಾಲು ಬಂದಿದೆ.” “ಅದನ್ನ ಕ್ರಾಪ್ ಮಾಡ್ರೀ. ಕಮಾಂಡ್ ಓಡಿಸಿದ್ದು ಕಂಡ್ರೆ ಸಾಕು.”

ಸೂತ್ರ 4: ಕಾಣದುದು ನಡೆದಿಲ್ಲ.

ವೃತ್ತಿ: ಸೈಬರ್ ದುರ್ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿಯಾಗಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆದೇಶಿಸಿತು. ಆದ್ದರಿಂದ ಗಮನಕ್ಕೆ ಬಾರದಿರುವುದೇ ಉತ್ತಮ ಪಕ್ಷವೆಂದು ಭಾಷ್ಯಕಾರರು.

ನಮ್ಮ ಕ್ಯಾಂಪಸ್ಸುಗಳಲ್ಲಿ ಅಖಂಡತ್ವ ಪರೀಕ್ಷೆಯನ್ನು ಶಾಸ್ತ್ರೋಕ್ತವಾಗಿ ಮಾಡುವವರು ಗೇಟಿನ ಸೆಕ್ಯುರಿಟಿಯವರು ಮಾತ್ರ. ಲ್ಯಾಪ್‌ಟಾಪ್ ಮಗುಚಿ ಸೀರಿಯಲ್ ನಂಬರ್ ತಾಳೆ ನೋಡುತ್ತಾರೆ. ಮುಖ್ಯವಾಗಿ, ಅವರ ರಿಜಿಸ್ಟರ್ ನಮ್ಮ ಬ್ಯಾಗಿನೊಳಗೆ ಇರುವುದಿಲ್ಲ. ಆರ್‌ಪಿಎಂ ತಾಳೆ ನೋಡುವ ಲೆಕ್ಕದ ಪುಸ್ತಕವಾದರೋ ಅದೇ ಸರ್ವರಿನಲ್ಲಿರುತ್ತದೆ. ರೂಟ್ ಅಧಿಕಾರ ದಕ್ಕಿಸಿಕೊಂಡ ಕಳ್ಳ ಪುಸ್ತಕವನ್ನೂ ತಿದ್ದಬಲ್ಲ. ಅದರ ಒಂದು ಪ್ರತಿಯನ್ನು ಹೊರಗಿಡಿ ಎಂದರೆ ಬಜೆಟ್ ಇಲ್ಲ.

ಸೂತ್ರ 5, 6, 7 ಇದ್ದವು. ಬೇಡ ಬಿಡಿ.

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಎಕ್ಸ್‌ಜೆಡ್ ಪ್ಯಾಕೇಜಿನೊಳಗಿದ್ದ ಕಳ್ಳಬಾಗಿಲನ್ನು ಜಗತ್ತಿಗೆ ತೋರಿಸಿದರು. ಅದರ 5.6.0, 5.6.1 ಆವೃತ್ತಿಗಳನ್ನು ವಿಷ ಬೆರೆಸಿಯೇ ಬಿಡುಗಡೆ ಮಾಡಲಾಗಿತ್ತು. ಸಹಿ ಸಾಚಾ, ಹ್ಯಾಶ್ ಸರಿ. ಒಂಬತ್ತು ವಿಕಾರಗಳಲ್ಲಿ ಒಂದೂ ತೋರುತ್ತಿರಲಿಲ್ಲ. ಅವರಿಗೆ ಸುಳಿವು ಸಿಕ್ಕಿದ್ದು ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾದದ್ದರಿಂದ. ಯಾಕೆ ತಡ ಎಂದು ಬೆನ್ನು ಹತ್ತಿದರು, ಅಷ್ಟೇ. ಆ ಕುತೂಹಲಕ್ಕೆ ನಮ್ಮ ಎಕ್ಸೆಲ್ ಶೀಟಿನಲ್ಲಿ ಕಾಲಂ ಇಲ್ಲ.

ಎಕ್ಸ್‌ಜೆಡ್ಡನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ಸಾಕಿದವರು ಲಾಸೆ ಕೊಲಿನ್ ಒಬ್ಬರೇ. ಮನಸ್ಸಿನ ಆರೋಗ್ಯ ಸರಿಯಿಲ್ಲ ಎಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ಕಳ್ಳ ಬಂದದ್ದು ಸಹಾಯಕನ ವೇಷದಲ್ಲಿ. ಕಾಫಿಪುಡಿ ಸರಬರಾಜಿಗೂ ವೆಂಡರ್ ಕೋಡ್, ಮೂರು ಸಹಿ ಕೇಳುವ ನಾವು, ನಮ್ಮ ಸರ್ವರುಗಳು ಯಾರ ಬಿಟ್ಟಿ ದುಡಿಮೆಯ ಮೇಲೆ ನಿಂತಿವೆಯೋ ಅವರಿಗೆ ಒಂದು ಕಾಸು ಕೊಟ್ಟವರಲ್ಲ. ನಾಚಿಕೆಯಾಗಬೇಕು.

ಕಾಡುಗೋಡಿಯ ಪಿಜಿಯಲ್ಲಿದ್ದು ನೈಟ್ ಶಿಫ್ಟ್ ಮಾಡುತ್ತಿದ್ದ ಹುಡುಗನೊಬ್ಬನನ್ನು ಬಲ್ಲೆ. ಕಾಂಟ್ರಾಕ್ಟ್ ಕೆಲಸ, ಕಂಪನಿಯ ಹೆಸರು ಬೇಡ. ಒಂದು ರಾತ್ರಿ ಸ್ಕ್ರೀನ್‌ಶಾಟ್ ತೆಗೆಯುವ ಬದಲು ಆರ್‌ಪಿಎಂ ಕೊಟ್ಟ ಸಾಲುಗಳನ್ನು ಓದಿದ. ಕಾನ್ಫಿಗ್ ಕಡತವಾಗಿದ್ದರೆ ಯಾರೋ ತಿದ್ದಿದ್ದಾರೆಂದು ಬಿಡಬಹುದಿತ್ತು. ಎಸ್, 5, ಟಿ ಮೂರೂ ಬಿದ್ದಿದ್ದು ಒಂದು ಬೈನರಿಯ ಮೇಲೆ. ಟಿಕೆಟ್ ಹಾಕಿದ. “ಬಿಸಿನೆಸ್ ಇಂಪ್ಯಾಕ್ಟ್ ಏನು?” ಎಂದು ಕೇಳಿ, ಅವನು ಉತ್ತರ ಬರೆಯುವ ಮೊದಲೇ ‘ಫಾಲ್ಸ್ ಪಾಸಿಟಿವ್’ ಎಂದು ಮುಚ್ಚಿದರು. ಬೈನರಿಯನ್ನು ಯಾರೂ ತೆರೆದು ನೋಡಲಿಲ್ಲ. ಮುಂದಿನ ತ್ರೈಮಾಸಿಕಕ್ಕೆ ಅವನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ; ಸರ್ವರಿನದು ಮುಂದುವರಿಯಿತು.