ಹೊನ್ನಾಳಿ ಬಸ್ಸಿನಲ್ಲಿ ಅಡ್ಮಿರಲ್

ಚನ್ನಗಿರಿಯಿಂದ ಸಮುದ್ರ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾವು ಸೂಳೆಕೆರೆ ತೋರಿಸುತ್ತೇವೆ. ಸರ್ಕಾರಿ ಕಾಗದದಲ್ಲಿ ಅದು ಶಾಂತಿಸಾಗರ. ಹೆಸರಲ್ಲೇ ಸಾಗರ ಇರುವಾಗ ಮಂಗಳೂರಿನತನಕ ಯಾಕೆ ಹೋಗಬೇಕು? ಏರಿ ಮೇಲೆ ನಿಂತರೆ ಆಚೆ ದಡ ಮಬ್ಬು ಮಬ್ಬು, ಗಾಳಿ ಎದ್ದರೆ ಅಲೆ, ದಡದಲ್ಲಿ ಮೀನು ಹಿಡಿಯುವವರ ತೆಪ್ಪ. ಇಷ್ಟೆಲ್ಲ ಇದ್ದ ಮೇಲೆ ನೌಕಾಪಡೆಯೊಂದರ ಕೊರತೆ ಮಾತ್ರ ಇತ್ತು. ಅದನ್ನು ನನ್ನ ಸೋದರಮಾವ ತುಂಬಿದ.

ಮಾವ ಹುಟ್ಟಿದ್ದು ಜಗಳೂರು ಸೀಮೆಯಲ್ಲಿ. ಕುಡಿಯುವ ನೀರಿಗೆ ಕೊಡ ಹಿಡಿದು ಮೈಲಿ ನಡೆಯುತ್ತಿದ್ದ ಊರಿನ ಹುಡುಗ 1981ರಲ್ಲಿ ನೇವಿಗೆ ಸೇರಿ, ಒಡಿಶಾದ ಐ.ಎನ್.ಎಸ್. ಚಿಲ್ಕಾಕ್ಕೆ ತರಬೇತಿಗೆ ಹೋದ. ಚಿಲಿಕಾ ಸರೋವರದ ಅಷ್ಟು ನೀರನ್ನು ಒಟ್ಟಿಗೆ ಕಂಡಾಗ ಅವನಿಗೆ ಮೊದಲು ಹೊಳೆದದ್ದು ದೇಶಸೇವೆಯಲ್ಲ, ಇದರಲ್ಲಿ ಎಷ್ಟು ಎಕರೆ ಶೇಂಗಾ ಬೆಳೆಯಬಹುದು ಎಂಬ ಲೆಕ್ಕ. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿ ನೋಡಿದನಂತೆ. ಉಪ್ಪು. "ಅವತ್ತೇ ಗೊತ್ತಾತು ಅಳಿಯ, ನೀರು ಬೇರೆ, ನೇವಿ ಬೇರೆ" ಅನ್ನುತ್ತಾನೆ.

ಮೂವತ್ತೆಂಟು ವರ್ಷದ ಮೇಲೆ ಅವನು ಮಾಸ್ಟರ್ ಚೀಫ್ ಪೆಟಿ ಆಫೀಸರ್ ಫಸ್ಟ್ ಕ್ಲಾಸ್ ಆಗಿ ಹೊರಬಂದ. ನಾವಿಕನೊಬ್ಬ ಏರಬಹುದಾದ ತುದಿ ಮೆಟ್ಟಿಲು ಅದು. ಕೊನೆಯ ವರ್ಷ, ಗಣರಾಜ್ಯೋತ್ಸವದ ದಿನ, ಆನರರಿ ಸಬ್ ಲೆಫ್ಟಿನೆಂಟ್ ಎಂಬ ಗೌರವವೂ ಸಿಕ್ಕಿತು. ಈಗ ಹೊನ್ನಾಳಿಯಲ್ಲಿ ಮನೆ. ತುಂಗಭದ್ರೆ ಹತ್ತಿರ ಇದೆ, ಜಗಳೂರಿಗೆ ವಾಪಸ್ ಹೋಗುವ ಧೈರ್ಯ ಅವನಿಗೆ ಬರಲಿಲ್ಲ. ಬೀದಿ ಹುಡುಗರು ಅವನನ್ನು ಅಡ್ಮಿರಲ್ ಅನ್ನುತ್ತಾರೆ. ಹಾಗನ್ನಬಾರದು ಎಂದು ಗದರಿಸುತ್ತಾನೆ, ಗದರಿಸುವಾಗ ಗಡ್ಡ ನೀವಿಕೊಳ್ಳುತ್ತಾನೆ. (ನೇವಿಯಲ್ಲಿ ಗಡ್ಡ ಬಿಡಬಹುದು, ಆದರೆ ಅನುಮತಿ ಕೇಳಿ ಬಿಡಬೇಕು. ಈಗ ಆ ಅಧಿಕಾರ ಅತ್ತೆಯ ಕೈಗೆ ಬಂದಿದೆ.)

ಅಡ್ಮಿರಲ್ ಆಗುವುದೆಂದರೆ ಏನು ಎಂದು ಅವನು ನನಗೆ ತಿಳಿಸಿಕೊಟ್ಟದ್ದು ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ. ದಾವಣಗೆರೆ ಬಸ್ಸು ಇನ್ನೂ ತಿರುಗುತ್ತಿತ್ತು, ಆಗಲೇ ಕಿಟಕಿಗಳೊಳಗೆ ಟವೆಲ್ಲು, ಕರ್ಚೀಫು, ಒಂದು ಊಟದ ಡಬ್ಬಿ, ಕೊನೆಗೆ ಒಂದು ಕೂಸು ಕೂಡ ಹೋದವು. ಟವೆಲ್ ಹಾಕಿದ ಯಜಮಾನರು ನೂಕಿಕೊಂಡು ಒಳಗೆ ಬರುವಷ್ಟರಲ್ಲಿ ಟವೆಲ್ಲು ನೆಲದ ಮೇಲಿತ್ತು, ಸೀಟಿನ ಮೇಲೆ ಒಬ್ಬ ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. ನಿಂತವರು ಕೂತವರ ಮುಖ ಓದತೊಡಗಿದರು. "ಎಲ್ಲಿ ಇಳೀತೀರಿ?" "ಮುಂದಿನ ಸ್ಟಾಪು" ಅಂದವನ ಪಕ್ಕದ ಕಂಬಿಗೆ ಮೂರು ಕೈ. "ದಾವಣಗೆರೆ" ಅಂದವನ ಹತ್ತಿರ ಯಾರೂ ಇಲ್ಲ.

"ಪ್ರಮೋಷನ್ ಅಂದ್ರೆ ಇದೇ ಅಳಿಯ" ಅಂದ ಮಾವ. "ನೀನು ಎಷ್ಟು ಗಟ್ಟಿಗ ಅನ್ನೋದು ಅರ್ಧ. ಮುಂದೆ ಕೂತೋನು ಎಲ್ಲಿ ಇಳೀತಾನೆ ಅನ್ನೋದು ಇನ್ನರ್ಧ."

ಅವನ ಲೆಕ್ಕ ಹೀಗೆ. ಕಮಾಂಡರ್ ಆಗುವವರೆಗೆ ಹೆಚ್ಚು ಕಷ್ಟವಿಲ್ಲ. ಹದಿಮೂರು ವರ್ಷ ಸೇವೆ ಆದರೆ, ಪರೀಕ್ಷೆ ಗಿರೀಕ್ಷೆ ಸರಿಯಾಗಿದ್ದರೆ, ಕಾಲವೇ ಹೊತ್ತು ತಂದುಬಿಡುತ್ತದೆ. ಕ್ಯಾಪ್ಟನ್ ಹುದ್ದೆಯಿಂದ ಆಯ್ಕೆ ಶುರು. ಹುದ್ದೆಗಳ ಸಂಖ್ಯೆ ಸರ್ಕಾರ ಮಂಜೂರು ಮಾಡಿದಷ್ಟೇ, ಖಾಲಿಯಾದರಷ್ಟೇ ಭರ್ತಿ. ಕ್ಯಾಪ್ಟನ್, ಕಮೊಡೋರ್, ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್ ಎಂದು ಮೇಲೆ ಹೋದಂತೆ ಏಣಿ ಕಿರಿದಾಗುತ್ತದೆ. ನಮ್ಮ ಕಡೆ ರಿಯರ್ ಅನ್ನುವುದನ್ನು "ರೇರ್" ಅಂತಲೇ ಉಚ್ಚರಿಸುತ್ತಾರೆ, ಅಪರೂಪ ಎಂಬ ಅರ್ಥದಲ್ಲಿ. ತಪ್ಪೇನಿಲ್ಲ. ನಾಲ್ಕು ನಕ್ಷತ್ರದ ಪೂರ್ಣ ಅಡ್ಮಿರಲ್ ಸಾಮಾನ್ಯವಾಗಿ ಇಡೀ ನೇವಿಗೆ ಒಬ್ಬರೇ, ಅವರೇ ಮುಖ್ಯಸ್ಥರು. ಅವರನ್ನು ಆರಿಸುವುದು ಪ್ರಧಾನಿ, ಗೃಹಮಂತ್ರಿ ಇರುವ ಸಂಪುಟದ ನೇಮಕಾತಿ ಸಮಿತಿ. ರೂಢಿಯಂತೆ ಹಿರಿಯರಿಗೆ ಕೊಡುತ್ತಾರೆ, ಕೊಡಲೇಬೇಕೆಂಬ ಕಟ್ಟಳೆ ಇಲ್ಲ. 2019ರಲ್ಲಿ ವೈಸ್ ಅಡ್ಮಿರಲ್ ಬಿಮಲ್ ವರ್ಮಾ ಸೇವೆಯಲ್ಲಿ ಹಿರಿಯರಿದ್ದರೂ ಕರಮ್‌ಬೀರ್ ಸಿಂಗ್ ಅವರಿಗೆ ಹುದ್ದೆ ಹೋಯಿತು, ವರ್ಮಾ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ಅಣ್ಣನನ್ನು ಬಿಟ್ಟು ತಮ್ಮನ ಮದುವೆ ಮಾಡಿದರೆ ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ರಂಪವಾಗುತ್ತದೆ.

ಇನ್ನು ಇಳಿಯುವ ಕತೆ. ನಮ್ಮ ರಾಜ್ಯ ಸರ್ಕಾರದಲ್ಲಿ ಜವಾನನಿಗೂ ಅರವತ್ತು, ಹೆಡ್‌ಮಾಸ್ತರಿಗೂ ಅರವತ್ತು. ನೇವಿಯಲ್ಲಿ ಹುದ್ದೆ ಏರಿದಷ್ಟೂ ನೌಕರಿಯ ಆಯುಷ್ಯ ಏರುತ್ತದೆ. ರಿಯರ್ ಅಡ್ಮಿರಲ್ 58ಕ್ಕೆ ಮನೆಗೆ, ವೈಸ್ ಅಡ್ಮಿರಲ್ 60ಕ್ಕೆ. ಮುಖ್ಯಸ್ಥರಿಗೆ 62 ವರ್ಷ ಅಥವಾ ಮೂರು ವರ್ಷದ ಅವಧಿ, ಯಾವುದು ಮೊದಲೋ ಅದು. ಹಾಗಾಗಿ ಬಡ್ತಿ ತಪ್ಪಿದವನಿಗೆ ಹುದ್ದೆ ಮಾತ್ರ ತಪ್ಪುವುದಿಲ್ಲ, ಎರಡು ವರ್ಷದ ಸಂಬಳವೂ ತಪ್ಪುತ್ತದೆ. ಮೇಲಿನ ಕುರ್ಚಿ ಖಾಲಿಯಾಗುವುದು ಮುಂದಿನ ತಿಂಗಳು, ಇವನಿಗೆ ವಯಸ್ಸು ತುಂಬುವುದು ಈ ತಿಂಗಳು ಎಂದಾದರೆ, ಯಾವ ಯುದ್ಧ ಗೆದ್ದಿದ್ದರೂ ಉಪಯೋಗವಿಲ್ಲ.

ಅಂದರೆ ಎಲ್ಲ ಹುಟ್ಟಿದ ತಾರೀಖಿನ ಮೇಲೆ ನಿಂತಿದೆ. ಇಲ್ಲಿಗೆ ಬಂದಾಗ ಮಾವನ ಮುಖ ಅರಳುತ್ತದೆ. ಅವನ ಹುಟ್ಟಿದ ದಿನ 1962ರ ಜೂನ್ 1. ಅವನ ತಮ್ಮನದೂ ಜೂನ್ 1. ಅವನ ತರಗತಿಯ ಮುಕ್ಕಾಲು ಪಾಲು ಹುಡುಗರದೂ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಜ್ಜಿಯನ್ನು ಕೇಳಿದರಂತೆ, ಯಾವಾಗ ಹುಟ್ಟಿದ್ದು ಎಂದು. "ಬರ ಬಿದ್ದ ವರ್ಷ ಸ್ವಾಮಿ" ಅಂದಳಂತೆ ಅಜ್ಜಿ. ಜಗಳೂರಲ್ಲಿ ಬರ ಬೀಳದ ವರ್ಷ ಅಂದಿದ್ದರೆ ಹುಡುಕುವುದು ಸುಲಭವಿತ್ತು. ಮೇಷ್ಟ್ರು ನಿಟ್ಟುಸಿರು ಬಿಟ್ಟು ಜೂನ್ 1 ಎಂದು ಬರೆದರು. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರು. ಅದಕ್ಕೇ ನಮ್ಮಲ್ಲಿ ಪ್ರತಿ ಮೇ 31ಕ್ಕೆ ಕಚೇರಿ ಕಚೇರಿಯಲ್ಲಿ ಶಾಲು, ಹಾರ, ಮೈಸೂರು ಪೇಟ.

ಮಾಸ್ಟರ್ ಚೀಫ್‌ಗೆ 57. ಮಾವ ನಿವೃತ್ತನಾದದ್ದು 2019ರ ಮೇ 31ಕ್ಕೆ. ಅದೇ ದಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಕೂಡ ನಿವೃತ್ತರಾದರು. ಅವರಿಗಿನ್ನೂ 61, ಆದರೆ ಮೂರು ವರ್ಷ ಮುಗಿದಿತ್ತು. "ನಾನೂ ಲಾಂಬಾ ಸಾಹೇಬ್ರೂ ಒಟ್ಟಿಗೇ ರಿಟೈರ್ ಆದ್ವಿ" ಎಂದು ಮಾವ ಹೇಳಿದರೆ ಕೇಳಿದವರು ಇಬ್ಬರಿಗೂ ಒಂದೇ ಪೆಂಡಾಲಿನಲ್ಲಿ ಸನ್ಮಾನವಾಯಿತೆಂದು ತಿಳಿಯುತ್ತಾರೆ. ಅವನು ತಿದ್ದುವುದಿಲ್ಲ. ಮುಂದೆ ಮುಖ್ಯಸ್ಥರಾದ ಆರ್. ಹರಿಕುಮಾರ್ ಹುಟ್ಟಿದ್ದು 1962ರ ಏಪ್ರಿಲ್ 12. ಮಾವನಿಗಿಂತ ಒಂದೂವರೆ ತಿಂಗಳಿಗೆ ದೊಡ್ಡವರು, ಅಂದರೆ ಮೇಷ್ಟ್ರ ಲೆಕ್ಕದಲ್ಲಿ. ಅವರಿಗೆ ಮೂರು ವರ್ಷ ತುಂಬುವ ಮೊದಲೇ 62 ತುಂಬಿತು, 2024ರ ಏಪ್ರಿಲ್ 30ಕ್ಕೆ ಇಳಿದರು. ಅಷ್ಟರಲ್ಲಿ ಮಾವ ಹೊನ್ನಾಳಿಯಲ್ಲಿ ಐದು ವರ್ಷ ಹಾಲು ತಂದಿದ್ದ.

ಈ ವಯಸ್ಸಿನ ಕಟ್ಟಳೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಬ್ರಿಟಿಷ್ ನೇವಿಯಲ್ಲಿ ಪ್ರೊವೊ ವಾಲಿಸ್ ಎಂಬ ಪುಣ್ಯಾತ್ಮನಿದ್ದ. 1791ರಲ್ಲಿ ಹುಟ್ಟಿದ. ನಾಲ್ಕು ವರ್ಷದ ಕೂಸಿದ್ದಾಗಲೇ ಅವನಪ್ಪ ಹಡಗಿನ ಪಟ್ಟಿಗೆ ಹೆಸರು ಸೇರಿಸಿಬಿಟ್ಟ. ಬಸ್ಸಿನ ಕಿಟಕಿಯಿಂದ ಮಗು ದಾಟಿಸುವವರು ಎಲ್ಲ ದೇಶದಲ್ಲೂ ಉಂಟು. 1813ರಲ್ಲಿ ಶ್ಯಾನನ್ ಎಂಬ ಹಡಗಿನ ಕ್ಯಾಪ್ಟನ್ ಗಾಯಗೊಂಡಾಗ ಇವನು ಆರೇ ದಿನ ಅದನ್ನು ನಡೆಸಿದ. 1870ರಲ್ಲಿ ನಿವೃತ್ತಿಯ ನಿಯಮ ತಂದಾಗ, ಫ್ರೆಂಚ್ ಯುದ್ಧದ ಕಾಲದಲ್ಲಿ ಹಡಗು ನಡೆಸಿದವರಿಗೆ ಅದು ಅನ್ವಯಿಸದು ಎಂದು ಒಂದು ವಿನಾಯಿತಿ ಇಟ್ಟರು. ಆ ಆರು ದಿನದ ಪುಣ್ಯದಿಂದ ವಾಲಿಸ್ ಸೇವೆಯ ಪಟ್ಟಿಯಲ್ಲೇ ಉಳಿದು, ಅಡ್ಮಿರಲ್ ಆಫ್ ದಿ ಫ್ಲೀಟ್ ಆಗಿ, 1892ರಲ್ಲಿ ನೂರು ದಾಟಿ ತೀರಿಕೊಂಡ. ತೊಂಬತ್ತಾರು ವರ್ಷ ನೌಕರಿ! ಅವನ ಹಿಂದೆ ಕಂಬಿ ಹಿಡಿದು ನಿಂತವರನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಬಡ್ತಿ ಮನುಷ್ಯರಿಗೆ ಮಾತ್ರ ಅಲ್ಲ, ಊರಿಗೂ ಉಂಟು. ನ್ಯಾಮತಿ ಹೊನ್ನಾಳಿಯ ಹೋಬಳಿಯಾಗಿ ಬಹುಕಾಲ ಸೇವೆ ಸಲ್ಲಿಸಿ ಈಚೆಗೆ ತಾಲ್ಲೂಕಾಗಿ ಬಡ್ತಿ ಪಡೆಯಿತು. ಚನ್ನಗಿರಿ, ಹೊನ್ನಾಳಿಗಳದು ಬಡ್ತಿಯಿಲ್ಲದ ವರ್ಗಾವಣೆ. 1997ರಲ್ಲಿ ನಮ್ಮನ್ನು ಶಿವಮೊಗ್ಗದಿಂದ, ಜಗಳೂರನ್ನು ಚಿತ್ರದುರ್ಗದಿಂದ ಎತ್ತಿ ದಾವಣಗೆರೆಗೆ ಹಾಕಿದರು.

ಆ ನ್ಯಾಮತಿ ಕಡೆಯ ಒಂದು ಮದುವೆ ಮಾತುಕತೆಗೆ ಮಾವನನ್ನೇ ಕರೆದುಕೊಂಡು ಹೋಗಿದ್ದರು. ಹುಡುಗಿಗೆ ಎರಡು ಗಂಡು ಬಂದಿದ್ದವು, ಒಬ್ಬ ಮಿಲಿಟರಿಯಲ್ಲಿ ಕ್ಯಾಪ್ಟನ್, ಇನ್ನೊಬ್ಬ ನೇವಿಯಲ್ಲಿ ಲೆಫ್ಟಿನೆಂಟ್ ಕಮಾಂಡರ್. ಹುಡುಗಿಯ ದೊಡ್ಡಪ್ಪ ಕ್ಯಾಪ್ಟನ್ನೇ ದೊಡ್ಡವನು ಅಂದರು. ಮಾವ ಕಾಫಿ ಲೋಟ ಕೆಳಗಿಟ್ಟು ಬಿಡಿಸಿ ಹೇಳಿದ. ನೇವಿಯ ಕ್ಯಾಪ್ಟನ್ ಅಂದರೆ ಮಿಲಿಟರಿಯ ಕರ್ನಲ್ಲು, ಮಿಲಿಟರಿಯ ಕ್ಯಾಪ್ಟನ್ ಅಂದರೆ ನೇವಿಯ ಬರೀ ಲೆಫ್ಟಿನೆಂಟು, ಈ ಲೆಫ್ಟಿನೆಂಟ್ ಕಮಾಂಡರ್ ಅಂದರೆ ಅಲ್ಲಿಯ ಮೇಜರ್ರು. ದೊಡ್ಡಪ್ಪ ಎಲ್ಲ ಕೇಳಿ, "ಅಡಿಕೆ ತೋಟ ಯಾರಿಗೈತೆ?" ಅಂದರು. ತೋಟ ಕ್ಯಾಪ್ಟನ್ನನಿಗಿತ್ತು.

ಸಮುದ್ರದಿಂದ ದೂರ ಕೂತವರು ನೌಕಾಪಡೆಯ ಹುದ್ದೆ ಹಂಚುವುದು ನಮ್ಮಲ್ಲಿ ಹೊಸದಲ್ಲ. ಹೈದರಾಲಿ 1763ರಲ್ಲಿ ಕೆಳದಿಯವರ ಬಿದನೂರನ್ನು ಹಿಡಿದ ಮೇಲೆ ಅವನಿಗೆ ಕರಾವಳಿ ಸಿಕ್ಕಿತು, ಮಂಗಳೂರಲ್ಲಿ ಹಡಗು ಕಟ್ಟಿಸಿದ. ಆಮೇಲೆ ಅದರ ಮೇಲೆ ಲುತ್ಫ್ ಅಲಿ ಬೇಗ್ ಎಂಬ ಕುದುರೆ ದಂಡಿನ ಸರದಾರನನ್ನು ತಂದು ಕೂರಿಸಿದ. 1768ರಲ್ಲಿ ಇಂಗ್ಲಿಷರ ಹಡಗುಗಳು ಬಂದಾಗ, ಸಿಟ್ಟಾಗಿದ್ದ ಹಡಗಿನವರು ಹಡಗುಗಳ ಸಮೇತ ಆ ಕಡೆಗೇ ಹೊರಟುಹೋದರು. ಹೊರಗಿನವನನ್ನು ತಂದು ಮೇಲೆ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಮಗ ಟಿಪ್ಪು ಅದನ್ನು ಕಲಿತವನಂತೆ 1796ರಲ್ಲಿ ವಿವರವಾದ ಕಟ್ಟಳೆಯನ್ನೇ ಹೊರಡಿಸಿದ. ಹನ್ನೊಂದು ಮಂದಿ ಮೀರ್ ಯಮ್ಮರ ಮಂಡಳಿ, ಅವರ ಕೆಳಗೆ ಮೂವತ್ತು ಮಂದಿ ಮೀರ್ ಬಹ್ರ್, ಸುಮಾರು 40 ಹಡಗು. ಅಡ್ಮಿರಲ್ ಎಂಬ ಮಾತು ಅರಬ್ಬಿಯ ಅಮೀರ್‌ನಿಂದ ಬಂದದ್ದು, ಮೀರ್ ಎಂಬುದೂ ಅದೇ ಬೇರಿನದು. ಅಂದರೆ ಕಾವೇರಿ ನಡುವಿನ ಶ್ರೀರಂಗಪಟ್ಟಣದಲ್ಲಿ ಕೂತು ಮೂವತ್ತು ಅಡ್ಮಿರಲ್‌ಗಳ ಹುದ್ದೆಗೆ ಸಹಿ ಬಿದ್ದಿತ್ತು. ಹಡಗುಗಳು ತೇಲುವ ಮೊದಲೇ, 1799ರಲ್ಲಿ, ಟಿಪ್ಪುವೇ ಹೋದ.

ಮಾವನಿಗೆ ಒಂದೇ ಒಂದು ಹುದ್ದೆಯ ಮೇಲೆ ಭಕ್ತಿ. ಐದು ನಕ್ಷತ್ರದ್ದು. ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾಗಿ, ಮೂವತ್ಮೂರು ವರ್ಷದ ಮೇಲೆ, 1986ರಲ್ಲಿ ಫೀಲ್ಡ್ ಮಾರ್ಷಲ್ ಆದರು. ಆ ಹುದ್ದೆಗೆ ನಿವೃತ್ತಿ ಇಲ್ಲ. ಭೂಸೇನೆಯಲ್ಲಿ ಮಾಣಿಕ್‌ಷಾ ಮತ್ತು ಕಾರ್ಯಪ್ಪ, ವಾಯುಪಡೆಯಲ್ಲಿ ಅರ್ಜನ್ ಸಿಂಗ್. ನೇವಿಯಲ್ಲಿ ಆ ಸ್ಥಾನದ ಅಡ್ಮಿರಲ್ ಆಫ್ ದಿ ಫ್ಲೀಟ್ ಪದವಿಯನ್ನು ಇದುವರೆಗೆ ಯಾರಿಗೂ ಕೊಟ್ಟಿಲ್ಲ. "ಖಾಲಿ ಐತೆ ಅಳಿಯ" ಅನ್ನುತ್ತಾನೆ ಮಾವ, ಟವೆಲ್ ಹೆಗಲ ಮೇಲೆ ಸರಿ ಮಾಡಿಕೊಳ್ಳುತ್ತ.

ಹೊನ್ನಾಳಿ ಬಸ್ಸಿನಲ್ಲಿ ಬಿಳಿ ಗಡ್ಡದ, ನೆಟ್ಟಗೆ ನಿಂತ ಹಿರಿಯರೊಬ್ಬರು ಕಂಡರೆ ದಯವಿಟ್ಟು ಕಿಟಕಿ ಪಕ್ಕದ ಸೀಟು ಬಿಟ್ಟುಕೊಡಿ. ರ‍್ಯಾಂಕು ಮಾತ್ರ ಕೇಳಬೇಡಿ. ಕೇಳಿದರೆ ನೀವು ಇಳಿಯಬೇಕಾದ ಊರು ದಾಟಿಹೋಗುತ್ತದೆ.