ಬಾಹುಮೀಮಾಂಸೆ: ಕನ್ನಡಿಯಲ್ಲಿ ಕಾಣದ ಮಾಂಸದ ಇರವನ್ನು ಕುರಿತು

ಯಾವ ಶಾಸ್ತ್ರವೇ ಆಗಲಿ, ಆರಂಭದಲ್ಲೇ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಪೂರ್ವಸೂರಿಗಳು ವಿಧಿಸಿದ್ದಾರೆ. ಈ ಶಾಸ್ತ್ರದ ವಿಷಯ ತೋಳು. ಅದರಲ್ಲೂ ಭುಜದಿಂದ ಮೊಣಕೈವರೆಗಿನ ಭಾಗ, ಅಂದರೆ ಅರ್ಧ ತೋಳಿನ ಅಂಗಿ ಒಂದಿಷ್ಟು ಮುಚ್ಚಿ ಒಂದಿಷ್ಟು ತೋರುವ ವಿವಾದಿತ ಪ್ರದೇಶ. ಪ್ರಯೋಜನ, ಆ ಪ್ರದೇಶದ ಸುತ್ತಳತೆಯ ವೃದ್ಧಿ. ಅಧಿಕಾರಿ ಯಾರೆಂದರೆ, ಜಿಮ್ಮಿಗೆ ಮೂರು ತಿಂಗಳ ಫೀಸನ್ನು ಒಟ್ಟಿಗೆ ಕಟ್ಟಿ, ಪ್ರೋಟೀನ್ ಪುಡಿಯ ಡಬ್ಬದ ಬೆಲೆ ಕೇಳಿ ಗಾಬರಿಯಾಗಿಯೂ ಹಿಂದೆ ಸರಿಯದ ಮುಮುಕ್ಷು. ಇನ್ನು ಸಂಬಂಧ. ತೋಳು ದಪ್ಪವಾದರೆ ಒಳ್ಳೆಯ ಸಂಬಂಧ ಕುದುರುತ್ತದೆಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಶಾಸ್ತ್ರ ಅದನ್ನು ಅನುಮೋದಿಸುವುದೂ ಇಲ್ಲ, ಖಂಡಿಸುವುದೂ ಇಲ್ಲ.

ನಮ್ಮ ಪ್ರತಿಜ್ಞೆ ಇದು: ಈ ಕಾಲದ ತರುಣ ತೋಳಿನ ವ್ಯಾಯಾಮವನ್ನು ಆರಿಸುವುದು ತೋಳನ್ನು ನೋಡಿ ಅಲ್ಲ, ಕನ್ನಡಿಯನ್ನು ನೋಡಿ. ಸಾಕ್ಷ್ಯಕ್ಕೆ ದೂರ ಹೋಗಬೇಕಾಗಿಲ್ಲ. ಯಾವುದೇ ಬಡಾವಣೆಯ ಜಿಮ್ಮಿನಲ್ಲಿ ಸಂಜೆ ಏಳರ ಹೊತ್ತಿಗೆ ಡಂಬೆಲ್ ಸ್ಟ್ಯಾಂಡಿನ ಮುಂದೆ ನಿಂತು ನೋಡಿ. ಸಾಧಕ ಕನ್ನಡಿಗೆ ಎರಡಡಿ ದೂರದಲ್ಲಿ ನಿಂತಿರುತ್ತಾನೆ. ಮೊದಲ ಹತ್ತು ಕರ್ಲ್ ನೆಟ್ಟಗೆ ಬರುತ್ತವೆ. ಆಮೇಲೆ ಸೊಂಟ ಹಿಂದಕ್ಕೆ ಬಾಗುತ್ತದೆ, ಹೆಗಲು ಕಿವಿಯ ಕಡೆ ಏರುತ್ತದೆ, ಮುಖ ಹಿಂಡುತ್ತದೆ. ಡಂಬೆಲ್ ಕೆಳಗಿಟ್ಟ ಮರುಕ್ಷಣ ಅಂಗಿಯ ತೋಳನ್ನು ಬೆರಳಿನಿಂದ ಮೇಲಕ್ಕೆ ಸರಿಸಿ, ಮೊಣಕೈ ಮಡಚಿ, ಅರ್ಧ ಕಣ್ಣು ಕನ್ನಡಿಯ ಮೇಲೆ, ಇನ್ನರ್ಧ ಯಾರಾದರೂ ನೋಡುತ್ತಿದ್ದಾರೆಯೇ ಎಂಬುದರ ಮೇಲೆ. ಪ್ರಮಾಣಶಾಸ್ತ್ರ ಇದನ್ನು ಪ್ರತ್ಯಕ್ಷ ಎನ್ನುತ್ತದೆ. ಬೈಸೆಪ್ಸ್ ಪ್ರತ್ಯಕ್ಷಸಿದ್ಧವಾದ ಸ್ನಾಯು. ಅದು ಇದೆಯೋ ಇಲ್ಲವೋ ಎಂಬ ಸಂಶಯಕ್ಕೆ ಎಡೆಯೇ ಇಲ್ಲ, ಎಷ್ಟಿದೆ ಎಂಬುದಷ್ಟೇ ದುಃಖಕ್ಕೆ ಕಾರಣ. ಕಣ್ಣಿಗೆ ಕಂಡದ್ದೇ ಸತ್ಯವೆಂಬ ಚಾರ್ವಾಕರು ಈ ದೇಶದಿಂದ ಮರೆಯಾದರೆಂದು ದರ್ಶನಗಳ ಚರಿತ್ರೆಕಾರರು ಬರೆದಿರುವುದನ್ನು ತಿದ್ದಬೇಕಾಗಿದೆ. ಅವರು ಮರೆಯಾಗಿಲ್ಲ, ವಾರಕ್ಕೆ ನಾಲ್ಕು ದಿನ ಬೈಸೆಪ್ಸ್ ಮಾಡುತ್ತಿದ್ದಾರೆ.

ಆದರೆ ಪ್ರತ್ಯಕ್ಷದಲ್ಲೇ ನಿಂತವನಿಗೆ ತೋಳಿನ ದೊಡ್ಡ ಪಾಲು ತಪ್ಪಿಹೋಗುತ್ತದೆ. ಮೇಲ್ತೋಳಿನ ಹಿಂಭಾಗದಲ್ಲಿ ಮೂರು ತಲೆಗಳ ಟ್ರೈಸೆಪ್ಸ್ ಎಂಬ ಸ್ನಾಯು ಇದೆ. ತೋಳಿನ ಮೂರರಲ್ಲಿ ಎರಡು ಪಾಲು ಅದೇ ಎಂದು ಜಿಮ್ ಮಾಸ್ಟರುಗಳು ಹೇಳುವುದು ತುಸು ಧಾರಾಳದ ಲೆಕ್ಕವಾದರೂ ಅರ್ಧಕ್ಕಿಂತ ಹೆಚ್ಚೆಂಬುದರಲ್ಲಿ ಅಂಗರಚನಾಶಾಸ್ತ್ರಕ್ಕೆ ಅನುಮಾನವಿಲ್ಲ. ಅನುಮಾನವಿರುವುದು ಸಾಧಕನಿಗೆ; ಏಕೆಂದರೆ ಟ್ರೈಸೆಪ್ಸನ್ನು ಅವನು ತಿಳಿಯಬೇಕಾದದ್ದೇ ಅನುಮಾನಪ್ರಮಾಣದಿಂದ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವ ನೈಯಾಯಿಕನಂತೆ, ಅಂಗಿಯ ತೋಳು ಬಿಗಿಯಾದದ್ದನ್ನು ಕಂಡು ಹಿಂದೆ ಮಾಂಸವಿದೆಯೆಂದು ಅವನು ಊಹಿಸಬೇಕು. ಈ ಮೂರು ತಲೆಗಳಲ್ಲಿ ಉದ್ದನೆಯದು ಹೆಗಲೆಲುಬಿನಿಂದಲೇ ಹೊರಡುತ್ತದೆ, ಉಳಿದೆರಡು ತೋಳಿನ ಎಲುಬಿನಿಂದ. ಹಾಗಾಗಿ ಕೈ ತಲೆಯ ಮೇಲೆತ್ತಿದಾಗ ಆ ಉದ್ದ ತಲೆ ಚೆನ್ನಾಗಿ ಎಳೆದುಕೊಳ್ಳುತ್ತದೆ. ಜಪಾನಿನ ಸಂಶೋಧಕರು ಇದನ್ನು ಪರೀಕ್ಷೆಗೆ ಒಡ್ಡಿ 2022ರಲ್ಲಿ ಪ್ರಕಟಿಸಿದ್ದಾರೆ. 12 ವಾರಗಳ ಕಾಲ ಪ್ರಯೋಗಕ್ಕೆ ಒಡ್ಡಿಕೊಂಡ ಒಬ್ಬೊಬ್ಬ ವ್ಯಕ್ತಿಯೂ ಒಂದು ಕೈಯನ್ನು ತಲೆಯ ಮೇಲೆತ್ತಿ ಮೊಣಕೈ ನೀಡುವ ವ್ಯಾಯಾಮ ಮಾಡಿದ, ಇನ್ನೊಂದು ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು ಅದೇ ವ್ಯಾಯಾಮ ಮಾಡಿದ. ತಲೆಯ ಮೇಲಿನ ಕೈ ಎತ್ತಿದ ಭಾರ ಕಡಿಮೆ, ಬೆಳೆದದ್ದು ಹೆಚ್ಚು. ಒಂದು ತೋಳು ಇನ್ನೊಂದಕ್ಕಿಂತ ದಪ್ಪವಾಗುತ್ತ ಹೋದ ಆ ಮೂರು ತಿಂಗಳು ವಿಜ್ಞಾನದ ಹೆಸರಿನಲ್ಲಿ ಅಂಗಿ ತೊಟ್ಟ ಮಹನೀಯರಿಗೆ ಬಾಹುಶಾಸ್ತ್ರ ಋಣಿಯಾಗಿದೆ.

ಮೂರನೆಯ ಸ್ನಾಯುವಿನದು ಇನ್ನೂ ಗಹನ ಸ್ಥಿತಿ. ಬೈಸೆಪ್ಸ್ ಅಡಿಯಲ್ಲಿ ಬ್ರೇಕಿಯಾಲಿಸ್ ಎಂಬುದೊಂದು ಮಲಗಿದೆ. ಮೊಣಕೈ ಮಡಚುವ ಕೂಲಿಯ ದೊಡ್ಡ ಪಾಲು ಅದರದು, ಹೆಸರೆಲ್ಲ ಮೇಲಿನವನದು. (ಕಚೇರಿಗಳಲ್ಲಿ ದುಡಿದವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾಗಿಲ್ಲ.) ಇದನ್ನು ಕನ್ನಡಿಯೂ ತೋರಿಸದು, ಅಂಗಿಯೂ ಸೂಚಿಸದು. ಆದ್ದರಿಂದ ಇದರ ಇರವಿಗೆ ಶಬ್ದಪ್ರಮಾಣವೊಂದೇ ಗತಿ: ಮಾಸ್ಟರ್ ಹೇಳಿದ, ನಂಬಬೇಕು. ನಂಬಿಕೆಗೆ ಸ್ವಲ್ಪ ಇಂಬು ಬೇಕಾದರೆ ಯಂತ್ರಶಾಸ್ತ್ರವಿದೆ. ಬೈಸೆಪ್ಸಿಗೆ ಮೊಣಕೈ ಮಡಚುವುದರ ಜೊತೆಗೆ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವ ಕೆಲಸವೂ ಇದೆ. ಬಲಗೈಯಲ್ಲಿ ಸ್ಕ್ರೂ ಬಿಗಿ ಮಾಡುವಾಗ ಉಬ್ಬುವುದು ಅದೇ. ಅಂಗೈಯನ್ನು ಕೆಳಮುಖ ಮಾಡಿ ಕರ್ಲ್ ಮಾಡಿದರೆ ಅದರ ಹಿಡಿತ ಸಡಿಲಾಗಿ ಕೆಲಸ ಬ್ರೇಕಿಯಾಲಿಸಿಗೆ ಮತ್ತು ಮುಂಗೈಗೆ ವರ್ಗವಾಗುತ್ತದೆ. ಸುತ್ತಿಗೆ ಹಿಡಿದ ಹಾಗೆ ಹೆಬ್ಬೆರಳು ಮೇಲೆ ಮಾಡಿ ಎತ್ತುವ ಹ್ಯಾಮರ್ ಕರ್ಲ್ ಈ ಎರಡರ ನಡುವಿನ ವಿಶಿಷ್ಟಾದ್ವೈತ.

ಪ್ರಾಚೀನರು ಈ ವಿಷಯದಲ್ಲಿ ಏನು ಹೇಳುತ್ತಾರೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಭಾಗದಲ್ಲಿ ಜಟ್ಟಿಗಳ ಸಾಧನೆಯನ್ನು ವಿಂಗಡಿಸಿದ್ದಾನೆ: ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಸೆಣಸುವ ಬಾಹುಪೆಲ್ಲಣಕಶ್ರಮ. ರಾಜ್ಯ, ಆನೆ, ಅಡುಗೆ, ಸಂಗೀತ ಎಲ್ಲವನ್ನೂ ಒಂದೇ ಗ್ರಂಥದಲ್ಲಿ ಅಡಕಿದ ಅರಸ ತೋಳಿಗೆಂದೇ ಒಂದು ಶ್ರಮವನ್ನು ಮೀಸಲಿಟ್ಟದ್ದು ಸಣ್ಣ ಸಂಗತಿಯಲ್ಲ. ಆ ಶ್ರಮಕ್ಕೆ ಎದುರಾಳಿ ಬೇಕು, ಕನ್ನಡಿ ಬೇಡ ಎಂಬುದು ನಮ್ಮ ಪ್ರತಿಜ್ಞೆಗೆ ಬಲ ಕೊಡುತ್ತದೆ. ಗರಡಿಯ ಮುಖ್ಯ ಸಾಮು ದಂಡ. ಅದು ಆದ್ಯಂತ ತಳ್ಳುವ ಕೆಲಸ, ಟ್ರೈಸೆಪ್ಸಿನ ಕೆಲಸ. ಕೆಮ್ಮಣ್ಣಿನ ಮಟ್ಟಿಯಲ್ಲಿ ತೋಳಿನ ಪರೀಕ್ಷಕ ಇನ್ನೊಬ್ಬನ ಕುತ್ತಿಗೆ. ಇದಕ್ಕೂ ಹಿಂದಿನ ಸಾಕ್ಷ್ಯ ಬೇಕೆನ್ನುವವರು ಆದಿಪುರಾಣಕ್ಕೆ ಹೋಗಲಿ. ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣ ಭರತನನ್ನು ಮೇಲೆತ್ತಿ ಹಿಡಿಯುತ್ತಾನೆ. ಕ್ರಿಯೆಯನ್ನು ಗಮನಿಸಿ: ಇದು ಕರ್ಲ್ ಅಲ್ಲ, ಮೊಣಕೈ ನೆಟ್ಟಗಾಗುವ ಓವರ್‌ಹೆಡ್ ಪ್ರೆಸ್, ಅದೂ ಚಕ್ರವರ್ತಿಯ ತೂಕದಲ್ಲಿ. ಅಣ್ಣನನ್ನು ಕೆಳಗೆ ಅಪ್ಪಳಿಸದೆ ಮೆಲ್ಲಗೆ ಇಳಿಸಿದ್ದು ವೈರಾಗ್ಯದ ಮೊದಲ ಹೆಜ್ಜೆಯೆಂದು ಕಾವ್ಯಮೀಮಾಂಸಕರು ವ್ಯಾಖ್ಯಾನಿಸಿದ್ದಾರೆ. ಭಾರವನ್ನು ಧೊಪ್ಪನೆ ಬಿಡದೆ ನಿಧಾನವಾಗಿ ಇಳಿಸಬೇಕೆಂಬ ಜಿಮ್ಮಿನ ನಿಯಮವನ್ನು ಅವರು ಗಮನಿಸಿದಂತಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಶ್ರವಣಬೆಳಗೊಳದಲ್ಲಿ 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನ ತೋಳಿನಲ್ಲಿ ಉಬ್ಬಾಗಲಿ ಕಟ್ಸ್ ಆಗಲಿ ಎಲ್ಲಿ? ಬಳ್ಳಿ ಕಾಣುತ್ತದೆ, ನರ ಕಾಣುವುದಿಲ್ಲ! ಉತ್ತರ: ಮೊಣಕೈ ಮಡಚಿದಾಗ ಮಾತ್ರ ಬೈಸೆಪ್ಸಿನ ಶಿಖರ ಕಾಣುವುದು, ಕಾಯೋತ್ಸರ್ಗದಲ್ಲಿ ನಿಂತವನು ಯಾರಿಗೂ ತೋಳು ತೋರಿಸಲು ಬಂದವನಲ್ಲ. ಅದಿರಲಿ, ತೊಡೆಯಿಂದ ಮೇಲಕ್ಕೆ ಆ ಮೂರ್ತಿಯನ್ನು ಹಿಂಭಾಗವೂ ಸೇರಿ ಸುತ್ತಲೂ ಕಡೆದಿದ್ದಾರೆ. ಐವತ್ತೇಳು ಅಡಿ ಎತ್ತರದಲ್ಲಿ, ಭಕ್ತರೆಲ್ಲ ಮುಂದೆಯೇ ನಿಲ್ಲುತ್ತಾರೆಂದು ಗೊತ್ತಿದ್ದೂ, ಹಿಂದಿನ ತೋಳನ್ನು ಬಿಡದ ಆ ಶಿಲ್ಪಿಯ ಅರ್ಧದಷ್ಟು ಶ್ರದ್ಧೆ ನಮ್ಮ ಸಾಧಕನಿಗಿದ್ದರೆ ಈ ಪ್ರಬಂಧದ ಅಗತ್ಯವೇ ಇರಲಿಲ್ಲ.

ಎರಡನೆಯ ಆಕ್ಷೇಪ ಅಭೇದವಾದಿಗಳದು. ಪುಲ್‌ಅಪ್, ಬೆಂಚ್ ಪ್ರೆಸ್, ದಂಡ ಇಷ್ಟು ಮಾಡಿದರೆ ತೋಳು ತಾನಾಗಿ ಬೆಳೆಯುತ್ತದೆ, ಬೇರೆ ತೋಳಿನ ವ್ಯಾಯಾಮ ಮಾಯೆ ಎಂಬುದು ಅವರ ನಿಲುವು. ಹೊಸಬನ ಮಟ್ಟಿಗೆ ಇದು ಬಹುಪಾಲು ನಿಜ. ಅಂಗೈ ತನ್ನ ಕಡೆಗಿಟ್ಟು ಬಾರ್‌ಗೆ ಜೋತು ಮೇಲೇರುವವನ ಬೈಸೆಪ್ಸ್ ಸುಮ್ಮನಿರುವುದಿಲ್ಲ. ಆದರೆ ಬೆಂಚ್ ಪ್ರೆಸ್‌ನಲ್ಲಿ ಟ್ರೈಸೆಪ್ಸಿನ ಉದ್ದ ತಲೆಗೆ ಬೀಳುವ ಕೆಲಸ ಕಡಿಮೆ. ಆದ್ದರಿಂದ ಎದೆ-ಬೆನ್ನಿನ ಸಾಮಿನ ಮೇಲೆ ತಲೆಯ ಮೇಲೆತ್ತುವ ಒಂದು ಟ್ರೈಸೆಪ್ಸ್ ವ್ಯಾಯಾಮ, ಅಂಗೈ ಮೇಲಾದ ಒಂದು ಕರ್ಲ್, ಸುತ್ತಿಗೆ ಹಿಡಿತದ್ದೊಂದು, ಇಷ್ಟಿದ್ದರೆ ಸಾಕು. ವಾರಕ್ಕೆ ಸ್ನಾಯುವಿಗೆ 10ರ ಆಸುಪಾಸು ಸೆಟ್, ಕೊನೆಯ ಒಂದೆರಡು ಸಲ ಎತ್ತುವಾಗ ಪ್ರಾಣ ಬಾಯಿಗೆ ಬಂದಂತಾಗುವಷ್ಟು ಭಾರ. ಹಾಗೆ ಬರುವುದಾದರೆ ಭಾರ ಹೆಚ್ಚಿಟ್ಟು ಎಂಟು ಸಲ ಎತ್ತಿದರೂ, ಕಡಿಮೆಯಿಟ್ಟು ಇಪ್ಪತ್ತು ಸಲ ಎತ್ತಿದರೂ ಬೆಳವಣಿಗೆ ಹೆಚ್ಚುಕಡಿಮೆ ಒಂದೇ. ದಿನಕ್ಕೊಂದು ಹೊಸ ಕರ್ಲ್ ಕಲಿಸುವ ಮೊಬೈಲ್ ಗುರುಗಳಿಗೆ ಇದರಿಂದ ಆಗುವ ನಷ್ಟಕ್ಕೆ ಶಾಸ್ತ್ರ ಹೊಣೆಯಲ್ಲ.

ಮೂರನೆಯದು ಹಿರಿಯರ ಆಕ್ಷೇಪ: ಒರಳಲ್ಲಿ ದೋಸೆ ಹಿಟ್ಟು ರುಬ್ಬಿದ್ದರೆ ಇದೆಲ್ಲ ಯಾಕೆ ಬೇಕಿತ್ತು? ತರ್ಕ ಆಕರ್ಷಕ, ವ್ಯಾಪ್ತಿ ಮಾತ್ರ ಇಲ್ಲ. ಜೀವಮಾನವಿಡೀ ರುಬ್ಬಿದ ಅಜ್ಜಿಯ ತೋಳಿನಲ್ಲಿ ಬಲವಿತ್ತು, ತಾಳಿಕೆಯಿತ್ತು. ಹದಿನಾರು ಇಂಚು ಇರಲಿಲ್ಲ. ಕಾರಣ ರುಬ್ಬುಗುಂಡು ವರ್ಷದಿಂದ ವರ್ಷಕ್ಕೆ ಭಾರವಾಗುವುದಿಲ್ಲ, ಸವೆದು ಹಗುರವಾಗುವುದೇ ಹೆಚ್ಚು. ಸ್ನಾಯು ಬೆಳೆಯಬೇಕಾದರೆ ಕೆಲಸ ಏರುತ್ತಲೇ ಇರಬೇಕು. ಗ್ರೀಕ್ ಮಲ್ಲ ಮೈಲೋ ಎಳೆಗರುವನ್ನು ಹೊತ್ತು ಶುರುಮಾಡಿ ಅದು ಎತ್ತಾಗುವವರೆಗೂ ದಿನವೂ ಹೊತ್ತನೆಂಬ ಐತಿಹ್ಯದ ಸಾರ ಇದೇ. ನಾಲ್ಕನೆಯದು ಕರ್ಮವಾದ: ಬೈಸೆಪ್ಸಿನ ಆಕಾರ ಹುಟ್ಟಿನಿಂದ ಬಂದದ್ದು, ಪ್ರಯತ್ನದಿಂದೇನು? ಮಾಂಸ ಎಲ್ಲಿ ಮುಗಿದು ಕಂಡರ ಎಲ್ಲಿ ಶುರುವಾಗುತ್ತದೆ ಎಂಬುದು ಪ್ರಾರಬ್ಧ, ಅದನ್ನು ಯಾವ ಡಂಬೆಲ್ಲೂ ಅಳಿಸದು. ದಪ್ಪ ಮಾತ್ರ ಆಗಾಮಿ. ಅದಕ್ಕೆ ಇಂದು ಸಂಜೆಯ ಸೆಟ್ಟು ಸಾಧನ. ಇನ್ನು ತೋಳು ಬೆಳೆದಷ್ಟೂ ಬುದ್ಧಿ ಕುಗ್ಗುತ್ತದೆ ಎಂಬ ಐದನೆಯ ಆಕ್ಷೇಪಕ್ಕೆ ದೀರ್ಘ ಉತ್ತರ ಬೇಡ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಬಾರ್‌ಬೆಲ್ಲಿಗೆ ಸೂರ್ಯನಮಸ್ಕಾರ ಬೆಸೆದು, ದೇಹಸೌಷ್ಠವಕ್ಕೆ ಹೆಸರಾದ ಕೆ.ವಿ. ಅಯ್ಯರ್ ‘ಶಾಂತಲಾ’ ಕಾದಂಬರಿಯನ್ನೂ ಬರೆದರು. ಆಕ್ಷೇಪಿಸುವವರು ಅಷ್ಟು ದಪ್ಪದ ಕಾದಂಬರಿಯೊಂದನ್ನು ಬರೆದು ತಂದ ಮೇಲೆ ಚರ್ಚೆ ಮುಂದುವರಿಸೋಣ.

ಕಟ್ಟಕಡೆಯ ಆಕ್ಷೇಪ ದರ್ಜಿಯದು, ಇದೇ ಎಲ್ಲಕ್ಕಿಂತ ಅಪಾಯಕಾರಿ. ಬಿಗಿ ತೋಳಿನಿಂದ ಟ್ರೈಸೆಪ್ಸನ್ನು ಊಹಿಸುವುದಾದರೆ, ಅಂಗಿಯ ತೋಳನ್ನೇ ಒಂದಿಂಚು ಹಿಡಿಸಿ ಹೊಲಿಸಿದರೆ ಆಯಿತಲ್ಲ? ಇದು ಬೆಂಕಿಯಿಲ್ಲದ ಹೊಗೆ, ಶುದ್ಧ ಹೇತ್ವಾಭಾಸ. ಆದರೂ ಟೀ ಶರ್ಟ್ ವ್ಯಾಪಾರ ಬಹುಮಟ್ಟಿಗೆ ನಿಂತಿರುವುದು ಇದರ ಮೇಲೆಯೇ. ಇದರಿಂದ ಪಾರಾಗಲು ಅಂಗಿಯನ್ನು ಕೈಬಿಟ್ಟು ಅಳತೆಯ ಟೇಪಿಗೆ ಶರಣಾಗಬೇಕು. ವ್ಯಾಯಾಮದ ಮರುಘಳಿಗೆ ರಕ್ತ ತುಂಬಿ ಉಬ್ಬಿರುವ ತೋಳಿನ ಅಳತೆ ಭ್ರಾಂತಿ. ಅದು ರಾತ್ರಿಯ ಊಟದ ಹೊತ್ತಿಗೆ ಇಳಿದಿರುತ್ತದೆ. ಬೆಳಗ್ಗೆ ಎದ್ದೊಡನೆ, ಕೈ ಇಳಿಬಿಟ್ಟು, ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ ಅಳೆಯಬೇಕು. ತನ್ನ ತೋಳನ್ನು ತಾನೇ ಅಳೆಯಹೊರಟವನು ಟೇಪು ಹಿಡಿಯುವ ನೆಪದಲ್ಲಿ ತೋಳನ್ನು ಬಿಗಿದೇ ಬಿಗಿಯುತ್ತಾನೆ, ಆದ್ದರಿಂದ ಅಳೆಯುವವನು ಬೇರೆಯವನಿರಬೇಕು. ಜಿಮ್ಮಿನ ಗೆಳೆಯ ಬೇಡ, ನಾಳೆ ಅವನ ಸರದಿ ಇರುವುದರಿಂದ ಇಂದು ಧಾರಾಳವಾಗಿ ಅಳೆಯುತ್ತಾನೆ. ಅಮ್ಮ ಬೇಡ, ಸೊರಗಿ ಹೋಗಿದ್ದೀಯ ಎಂದು ಟೇಪು ನೋಡುವ ಮೊದಲೇ ತೀರ್ಪು ಕೊಡುತ್ತಾಳೆ. ಶಾಸ್ತ್ರದ ಮಟ್ಟಿಗೆ ನಿಷ್ಪಕ್ಷಪಾತಿ ತಂಗಿಯೊಬ್ಬಳೇ. ಅವಳು ಹೇಳುವ ಸಂಖ್ಯೆಯಲ್ಲಿ ಅರ್ಧ ಇಂಚು ಕಡಿಮೆಯಿದ್ದರೂ ಅದನ್ನೇ ಬರೆದುಕೊಳ್ಳತಕ್ಕದ್ದು.