ಕೊಳವೆ ಬಡಿದವರು ಯಾರು?

ನಿನ್ನೆ ಸಂಜೆ ಉಪನ್ಯಾಸಕ್ಕೆ ನೀವು ಬರಲೇ ಇಲ್ಲವಲ್ರೀ! ಟೊಮೇಟೊ ರೇಟು ಬಿದ್ದಿರೋವಾಗ ಇತಿಹಾಸ ಯಾರಿಗೆ ಬೇಕು ಅಂತೀರೇನೋ, ಅದೂ ಸರಿಯೇ. ಆದರೂ ಜನ ಪರವಾಗಿರಲಿಲ್ಲ. ಅರ್ಧ ಜನ ಕಾಫಿಗೆ ಬಂದವರು ಅನ್ನಿ.

ವಿಷಯ ಮೈಸೂರಿನ ರಾಕೆಟ್ಟು. ಮಾತಾಡಿದವರು ಬೆಂಗಳೂರಿನವರು, ಎಲ್ಲರ ಹಾಗೆ ಟಿಪ್ಪುವಿನಿಂದಲೇ ಹಿಡಿದರು. ನನಗೆ ಬಾಯಿ ಕಟ್ಟಲಾಗಲಿಲ್ಲ. ಸ್ವಾಮಿ, ಟಿಪ್ಪುವಿನ ಅಪ್ಪ ಹೈದರ್ ಹುಟ್ಟಿದ್ದು ಇಲ್ಲೇ ಬೂದಿಕೋಟೆಯಲ್ಲಿ. ಅವನಪ್ಪ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಹತ್ತಿರ ಬಾಣದವರ, ಅಂದರೆ ರಾಕೆಟ್ಟಿನವರ, ಪಡೆಗೆ ಯಜಮಾನನಾಗಿದ್ದೋನು, ಅವನ ಗೋರಿ ನಮ್ಮ ಕೋಲಾರದಲ್ಲೇ ಇದೆ. 1782ರಲ್ಲಿ ಹೈದರ್ ಸತ್ತಾಗ ಹೆಣ ಮೊದಲು ಬಂದಿದ್ದು ಇಲ್ಲಿಗೇ, ಶ್ರೀರಂಗಪಟ್ಟಣಕ್ಕೆ ಒಯ್ದಿದ್ದು ಆಮೇಲೆ ಅಂದೆ. ‘ಅದಕ್ಕೇ ಬರ್ತಿದ್ದೆ’ ಅಂದರು. ಬರಲಿಲ್ಲ ಬಿಡಿ.

ಬಾಣದ ಕಸುಬು ಮಾತ್ರ ಚೆನ್ನಾಗಿ ಬಿಡಿಸಿ ಹೇಳಿದರು. ಲಂಡನ್ನಿನ ವೂಲ್ವಿಚ್ಚಿಗೆ ಒಯ್ದಿಟ್ಟಿದ್ದ ಎರಡನ್ನು ಅಳೆದಿದ್ದಾರಂತೆ. ಒಂದರ ಕೊಳವೆ 10 ಅಂಗುಲ ಉದ್ದ, ಅದನ್ನ ಹಸಿತೊಗಲಿನ ಪಟ್ಟಿಯಲ್ಲಿ ಮೂರಡಿ ಮೀರಿದ ಕತ್ತಿಗೇ ಬಿಗಿದಿದ್ದಾರೆ! ಇನ್ನೊಂದನ್ನು ಆರಡಿ ಬಿದಿರಿಗೆ. ಹಸಿತೊಗಲು ಒಣಗಿದಷ್ಟೂ ಬಿಗಿ ಹಿಡಿಯುತ್ತೆ, ದನ ಕಟ್ಟಿದೋರಿಗೆ ಹೇಳಿಕೊಡಬೇಕೇ? ಯೂರೋಪಿನವರದು ಆಗ ರಟ್ಟಿನ ಕೊಳವೆ, ಮದ್ದು ಜಾಸ್ತಿ ಗಿಡಿದರೆ ಸೀಳಿಹೋಗೋದು. ನಮ್ಮವರದು ಬಡಿದ ಕಬ್ಬಿಣ. ಒಳಗಿನ ಒತ್ತಡ ತಡೆಯೋದು, ಅದಕ್ಕೇ ಸಾವಿರ ಗಜದಾಚೆ ಹೋಗಿ ಬೀಳೋದು. 1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಥ ಬಾಣಗಳೆದುರು ಇಂಗ್ಲಿಷರ ಬೇಯ್ಲಿಯ ದಂಡು ಮಣ್ಣುಮುಕ್ಕಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇವನ್ನೇ ನೋಡಿಕೊಂಡು ಕಾಂಗ್ರೀವ್ ಅನ್ನೋನು ಇಂಗ್ಲೆಂಡಿನಲ್ಲಿ ತನ್ನ ರಾಕೆಟ್ಟು ಮಾಡಿದ, 1807ರಲ್ಲಿ ಕೋಪನ್‌ಹೇಗನ್ ಸುಟ್ಟಿತು. ಹೆಸರು ಅವನದು.

ಆ ಕೊಳವೆ ಬಡಿದ ಕಮ್ಮಾರ, ತೊಗಲು ಹದ ಮಾಡಿದೋನು, ಅವರ ಹೆಸರು? 2018ರಲ್ಲಿ ಶಿವಮೊಗ್ಗ ಕಡೆ ನಗರ ಅನ್ನೋ ಊರಿನ ಹಾಳುಬಾವಿಯಲ್ಲಿ ಸಾವಿರದಷ್ಟು ರಾಕೆಟ್ ಸಿಕ್ಕವಲ್ಲ, ಅಷ್ಟೂ ಯಾರದೋ ಕೈಯಲ್ಲಿ ಸುತ್ತಿಗೆ ಏಟು ತಿಂದವೇ ತಾನೇ? ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದ ಮುದುಕರೊಬ್ಬರು ಎದ್ದು, ಕೊಳವೆಯ ಬೆಸುಗೆ ಬಿಡದ ಹಾಗೆ ಯಾವ ಶಾಖದಲ್ಲಿ ಬಡೀತಿದ್ದರು ಅಂತ ಕೇಳಿದರು. ಇಡೀ ಸಭೆಗೆ ಅದೊಂದೇ ಪ್ರಶ್ನೆ ಅನ್ನಿಸಿತು ನನಗೆ. ಉತ್ತರ ಶುರುವಾಗೋದರೊಳಗೆ ಹಿಂದಿನ ಸಾಲಿನೋರು ಟಿಪ್ಪು ಒಳ್ಳೆಯೋನೋ ಕೆಟ್ಟೋನೋ ಅಂತ ಕೂಗಾಟಕ್ಕಿಳಿದರು. ಮುಗೀತು ಕತೆ.

ಕೂಗಿನಿಂದಲೇ ಯುದ್ಧ ತಿರುಗುತ್ತೆ ಅನ್ನೋದೂ ಸುಳ್ಳಲ್ಲ. 1768ರ ಅಕ್ಟೋಬರ್ 4, ನಮ್ಮ ಮುಳಬಾಗಿಲು. ಹೈದರ್ ಇಂಗ್ಲಿಷರ ಕರ್ನಲ್ ವುಡ್‌ನ ದಂಡನ್ನು ಗುಡ್ಡದ ಸಂದಿಯಲ್ಲಿ ಹಿಂಡಿ ಹಾಕಿದ್ದ. ಕ್ಯಾಪ್ಟನ್ ಬ್ರೂಕ್ ಅನ್ನೋನು ಗಾಯಾಳುಗಳನ್ನೇ ಕಟ್ಟಿಕೊಂಡು ಎರಡು ಫಿರಂಗಿ ಮರೆಯಲ್ಲಿ ಮೇಲಕ್ಕೊಯ್ದು ಹಾರಿಸಿ, ‘ಸ್ಮಿತ್! ಸ್ಮಿತ್!’ ಅಂತ ಒಟ್ಟಿಗೆ ಅರಚಿಸಿದ. ದೊಡ್ಡ ದಳವಾಯಿ ಸ್ಮಿತ್ ಬಂದೇಬಿಟ್ಟ ಅಂತ ಹೈದರನ ಕಡೆಯೋರು ಹಿಂದೆ ಸರಿದರು, ವುಡ್ ಉಸಿರು ಬಿಟ್ಟ.

ಮುಂದಿನ ತಿಂಗಳು ಆ ಗುಡ್ಡ ತೋರಿಸ್ತಾರಂತೆ, ಬನ್ನಿ. ಮುಳಬಾಗಿಲು ದೋಸೆ ನನ್ನ ಲೆಕ್ಕ. ಶ್ರೀನಿವಾಸಪುರದ ನಿಮ್ಮ ಭಾವಮೈದನನ್ನ ಮಾತ್ರ ಕರೆಯಬೇಡಿ, ಹಿಂದಿನ ಸಾಲಲ್ಲಿ ಮೊದಲು ಕೂಗಿದ್ದೇ ಆತ.